ಕಿಸೆ ಹೊಲಿದುಕೊಂಡವರು

ನನ್ನ ಅಂಗಡಿಯ ಗಾಜಿನ ಕೌಂಟರಿಗೆ ಎರಡು ಡ್ರಾವರುಗಳಿವೆ. ಎಡಗಡೆಯದು ನನ್ನದು. ಬಲಗಡೆಯದರಲ್ಲಿ ಮೊನ್ನೆ ಮೊನ್ನೆಯವರೆಗೂ ಒಂದು ಚಾಳೀಸು ಅಂದರೆ ಕನ್ನಡಕ, ತಂಬಾಕಿನ ಚೀಲ, ಸುಣ್ಣದ ಡಬ್ಬಿ, ಮುದುಕರ ಬಸ್ ಪಾಸು ಮತ್ತು ಹೊಲಿಗೆ ಬಿಚ್ಚುವ ಒಂದು ಸಣ್ಣ ಕಟರ್ ಇದ್ದವು. ಇವೆಲ್ಲ ಗಂಡಸರ ಅಂಗಿಯ ಕಿಸೆಯಲ್ಲಿ ಇರಬೇಕಾದ ವಸ್ತುಗಳು. ಆದರೆ ಇವುಗಳ ಯಜಮಾನರು ತಮ್ಮ ಕಿಸೆಯನ್ನು ತಾವೇ ಹೊಲಿದು ಮುಚ್ಚಿಕೊಂಡಿದ್ದರು. ಬುದ್ಧಿ ನೆಟ್ಟಗಿದ್ದವರೇ, ಬೇಕೆಂದೇ ಮಾಡಿಕೊಂಡದ್ದು. ಹೀಗಾಗಿ ಎರಡು ವರ್ಷ ನಾನು ಅವರ ಕಿಸೆಯಾಗಿದ್ದೆ.

ಈ ಚಳಿಗಾಲಕ್ಕೆ ಅವರು ತೀರಿಕೊಂಡರು. ಅವರ ಹೆಸರು ಹೇಳುವುದಿಲ್ಲ. ಚಿಕ್ಕೋಡಿಯ ಸುತ್ತಲಿನ ಅರ್ಧ ಜನರ ಎದೆಯ ಮೇಲೆ ಅವರವರ ಹೆಸರು ಬರೆದವರು ತಮ್ಮ ಅಂಗಿಯ ಮೇಲೆ ಒಂದಕ್ಷರವನ್ನೂ ಹಾಕಿಕೊಂಡವರಲ್ಲ. ಅಂಗಡಿಯ ಬೋರ್ಡಿನ ಮೇಲೂ ಬರೀ 'ಕಂಪ್ಯೂಟರ್ ಎಂಬ್ರಾಯ್ಡರಿ, ಟೀ ಶರ್ಟ್ ಪ್ರಿಂಟಿಂಗ್' ಎಂದಿತ್ತು. ನಾನು ಕಾಕಾ ಎನ್ನುತ್ತಿದ್ದೆ, ಊರೂ ಹಾಗೇ ಎನ್ನುತ್ತಿತ್ತು. ಅವರ ಗೋಡೆಗೆ ನನ್ನ ಗೋಡೆ. ನನ್ನದು ಮ್ಯಾಚಿಂಗ್ ಸೆಂಟರ್. ಲೈನಿಂಗ್, ಫಾಲ್, ಬ್ಲೌಸ್ ಪೀಸ್, ದಾರ ಮಾರುತ್ತೇನೆ. ದಿನವಿಡೀ ಅವರ ಮಷೀನಿನ ಟಕಟಕ ಕೇಳುತ್ತ ನಾನು ಹೆಂಗಸರಿಗೆ ಗಿಳಿಹಸಿರಿಗೂ ಎಲೆಹಸಿರಿಗೂ ಇರುವ ವ್ಯತ್ಯಾಸ ಹೇಳುತ್ತಿದ್ದೆ.

ಕಾಕಾ ಯಾರ ಮುಖವನ್ನೂ ನೆನಪಿಡುತ್ತಿರಲಿಲ್ಲ. ಗಂಡಸರನ್ನು ಎದೆಯಿಂದ ಗುರುತಿಸುತ್ತಿದ್ದರು. "ಅಂವಾ ರೀ, ಹಾಲಿನ ಡೈರಿ, ನೀಲಿ ದಾರ, ಸ್ವಲ್ಪ ಸೊಟ್ಟ ಬಿದ್ದೈತಿ" ಎಂದರೆ ಅದು ಒಬ್ಬ ಮನುಷ್ಯ. ಹೆಂಗಸರ ಎದೆ ನೋಡುವುದು ಮರ್ಯಾದೆಯಲ್ಲವಲ್ಲ, ಅದಕ್ಕೆ ನೆಲ ನೋಡಿ ಮಾತಾಡುತ್ತ ಅವರನ್ನೆಲ್ಲ ಚಪ್ಪಲಿಯಿಂದ ಗುರುತಿಸುತ್ತಿದ್ದರು. ನಾನು ಹೊಸ ಚಪ್ಪಲಿ ಕೊಂಡ ದಿನ ಪಕ್ಕದಲ್ಲೇ ನಿಂತು, "ಏನ ಬೇಕಾಗಿತ್ತ್ರಿ ಬಾಯಾರ?" ಎಂದು ಕೇಳಿದ್ದರು.

ಒಮ್ಮೆ ಒಬ್ಬ ತರುಣ ಬಂದು ಟೀ ಶರ್ಟಿನ ಮೇಲೆ 'ಕಿಂಗ್' ಎಂದು ಪ್ರಿಂಟ್ ಹಾಕಿರಿ ಎಂದ.

"ಯಾವ ಊರಿನ ಕಿಂಗಪ್ಪಾ ನೀ?"

"ಹಂಗ ಸುಮ್ನ ರೀ ಕಾಕಾ, ಫ್ಯಾಷನ್."

"ಸುಮ್ನ ಹ್ಯಾಂಗ? ನಿಮ್ಮಪ್ಪ ಅದಾನ?"

"ಅದಾನ್ರಿ. ಹೊಲದಾಗ ಕಬ್ಬಿಗೆ ನೀರ ಬಿಡಾಕತ್ತಾನ."

"ಹಂಗಾರ ನೀ ಇನ್ನೂ ಕಿಂಗ್ ಅಲ್ಲ. ಅಂವಾ ಇರೋತನಾ ನೀ ಪ್ರಿನ್ಸ್."

ಹುಡುಗ ಎಷ್ಟು ಗೋಗರೆದರೂ ಬಗ್ಗಲಿಲ್ಲ. 'ಪ್ರಿನ್ಸ್' ಎಂದೇ ಹಾಕಿ ಕಳಿಸಿದರು.

ಅಕ್ಕೋಳದ ಕಡೆಯ ಒಂದು ಕ್ರಿಕೆಟ್ ತಂಡದ್ದು ಇನ್ನೂ ದೊಡ್ಡ ಕಥೆ. ಹನ್ನೊಂದೂ ಜನರಿಗೆ ಏಳನೇ ನಂಬರೇ ಬೇಕು. ಅಂಗಡಿಯ ಮುಂದೆಯೇ ಕೈ ಕೈ ಮಿಲಾಯಿಸುವ ಹೊತ್ತು. ಕಾಕಾ ಒಳಗಿಂದ ಬಂದು, "ಒಬ್ಬಗ ಕೊಟ್ಟ ಒಬ್ಬಗ ಬಿಟ್ರ ಊರಾಗ ಬೆಂಕಿ ಹಚ್ಚಿದಂಗ. ಎಲ್ಲಾರೂ ಏಳು" ಎಂದು ತೀರ್ಪು ಕೊಟ್ಟರು. ಪಂದ್ಯದ ದಿನ ಮೈಕಿನವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. "ಏಳನೇ ನಂಬರ ಹೊಡದಾ, ಏಳನೇ ನಂಬರ ಓಡಾಕತ್ತಾನ, ಆ ಕಡಿ ಏಳನೇ ನಂಬರ ಬರಬ್ಯಾಡಂದಾ, ಏಳನೇ ನಂಬರ ರನ್ನೌಟ್, ಈಗ ಬ್ಯಾಟ್ ಹಿಡದ ಬರಾಕತ್ತಾನ ಏಳನೇ ನಂಬರ!" ತಂಡ ಸೋತಿತು. ಆದರೆ ಯಾರಿಂದ ಸೋತಿತು ಎಂದು ಊರಿಗೆ ಇವತ್ತಿನವರೆಗೂ ಪತ್ತೆಯಾಗಿಲ್ಲ. ಸುದ್ದಿ ಕೇಳಿ ಕಾಕಾನಿಗೆ ಪರಮ ಸಮಾಧಾನ.

"ನೋಡ ತಂಗೆವ್ವಾ," ಎಂದರು. "ಎದಿ ಮ್ಯಾಲಿಂದು ಎದಿಗೆ ಚುಚ್ಚಬಾರದು. ಇಷ್ಟ ನನ್ನ ಧಂದೆ."

ಇಂಥವರ ಕೈಯಿಂದಲೇ ಆ ಅನಾಹುತ ಆಯಿತು.

ಐನಾಪುರದ ಆಚೆ ಒಬ್ಬ ಸಾವುಕಾರರು ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ಕಟ್ಟಿಸಿದ್ದರು. ಅಲ್ಲಿ ದ್ರಾಕ್ಷಿ ಆರಿಸುವ, ತೂಗುವ, ಹೊರುವ ಎಲ್ಲರಿಗೂ ಒಂದೇ ನಮೂನೆಯ ಅಂಗಿ, ಎದೆಯ ಮೇಲೆ ದ್ರಾಕ್ಷಿ ಗೊಂಚಲು. ನಮ್ಮ ಕಡೆ ದ್ರಾಕ್ಷಿ ಎಂದರೆ ಹಸಿರು. ಸಾವುಕಾರರಿಗೆ ಮಾತ್ರ ನೇರಳೆ ಹಣ್ಣಿನ ಜಾಂಬಳಿ ಬಣ್ಣದ್ದೇ ಬೇಕು. ಕ್ಯಾಲೆಂಡರಿನಲ್ಲಿ ಹಾಗಿದೆಯಂತೆ. ಅದೂ ಎಷ್ಟು ದೊಡ್ಡದು? "ರೋಡಿನ ಮ್ಯಾಲಿಂದ ಕಾಣಬೇಕು" ಎಂದಿದ್ದರು. ಯಾವ ಜಾಂಬಳಿ ಎಂದು ಆರಿಸಲು ಕಾಕಾ ನನ್ನ ದಾರದ ಪೆಟ್ಟಿಗೆಯನ್ನೆಲ್ಲ ಬಿಸಿಲಿಗೆ ಹರಡಿ ಕೂತರು. ಗೊಂಚಲಿನ ಮೇಲೊಂದು ಹಸಿರು ಎಲೆ ಇರಲಿ ಎಂದವಳು ನಾನು. ಮಾದರಿ ಎಂದು ಹೊಲಿದು ತೋರಿಸಿದ್ದು ಕಿಸೆಯಿಲ್ಲದ ಅಂಗಿಯ ಮೇಲೆ. ಬಹಳ ಚೆಂದ ಬಂತು. ಸಾವುಕಾರರು ಒಪ್ಪಿದರು.

ಆಮೇಲೆ ಇಚಲಕರಂಜಿಯಿಂದ ಹೊಲಿದ ಅಂಗಿಗಳು ಗಂಟು ಗಂಟಾಗಿ ಬಂದವು. ಅವುಗಳಿಗೆ ಕಿಸೆ ಇತ್ತು.

ಈ ಕೆಲಸ ಗೊತ್ತಿಲ್ಲದವರಿಗೆ ಹೇಳಬೇಕು. ಕಿಸೆಯ ಮೇಲೆ ಎಂಬ್ರಾಯ್ಡರಿ ಮಾಡುವುದಾದರೆ ಮೊದಲು ಕಿಸೆಯನ್ನು ಬಿಚ್ಚಿಕೊಳ್ಳಬೇಕು, ಅದರ ಮೇಲೆ ಚಿತ್ರ ಹಾಕಬೇಕು, ಆಮೇಲೆ ಅಂಗಿಗೆ ಹಚ್ಚಬೇಕು. ಬಿಚ್ಚದೆ ಹಾಗೇ ಮಷೀನಿಗೆ ಕೊಟ್ಟರೆ ಸೂಜಿ ಕಿಸೆಯನ್ನೂ ಅದರ ಹಿಂದಿನ ಬಟ್ಟೆಯನ್ನೂ ಕೂಡಿಸಿ ಹೊಲಿದುಬಿಡುತ್ತದೆ. ಕಿಸೆ ನೋಡಲು ಕಿಸೆ, ಒಳಗೆ ಬೆರಳೂ ಹೋಗುವುದಿಲ್ಲ. ಇದು ಕಾಕಾನಿಗೆ ಗೊತ್ತಿರಲಿಲ್ಲವೇ? ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು. ಆದರೆ ಆ ವಾರವೇ ಅವರ ಹೊಸ ಮಷೀನು ಬಂದಿತ್ತು. ನಾಲ್ಕು ಸೂಜಿ ಒಟ್ಟಿಗೆ ನಡೆಯುವಂಥದು. ಅಂಗಿ ಸಿಕ್ಕಿಸಿ ಗುಂಡಿ ಒತ್ತಿ ಅದರ ಎದುರಿಗೆ ಕೈ ಮುಗಿದಂತೆ ಕೂತುಬಿಡುತ್ತಿದ್ದರು. ಕಣ್ಣೆಲ್ಲ ದಾರದ ಬಣ್ಣದ ಮೇಲೆ. ಗೊಂಚಲು ಕಿಸೆಯ ಈ ಅಂಚಿನಿಂದ ಆ ಅಂಚಿನವರೆಗೆ, ಎಲೆ ಮೇಲಿನ ಬಾಯಿಯವರೆಗೆ, ಒಂದಾದ ಮೇಲೊಂದು ಅಂಗಿಯ ಮೇಲೆ ಹಣ್ಣಾಗುತ್ತ ಹೋಯಿತು.

ಗೊತ್ತಾದದ್ದು ಉದ್ಘಾಟನೆಯ ವೇದಿಕೆಯ ಮೇಲೆ. ಕಾಕಾನನ್ನು ಸನ್ಮಾನಕ್ಕೆ ಕರೆದಿದ್ದರು. ಬಣ್ಣ ಆರಿಸಿದವಳು ಎಂದು ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಕೆಲಸದವರೆಲ್ಲ ಹೊಸ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಹೆಣ್ಣುಮಕ್ಕಳು ಸೀರೆಯ ಮೇಲೆ ಅದೇ ಅಂಗಿ ತೊಟ್ಟಿದ್ದರು. ಸಾವುಕಾರರೂ ಮಾದರಿಯಾಗಿರಲಿ ಎಂದು ಅದನ್ನೇ ಹಾಕಿಕೊಂಡಿದ್ದರು. ಮುಖ್ಯ ಅತಿಥಿಗಳು ಅವರಿಗೊಂದು ಪೆನ್ನು ಉಡುಗೊರೆ ಕೊಟ್ಟು, ಪ್ರೀತಿಯಿಂದ ತಾವೇ ಅವರ ಕಿಸೆಗೆ ಹಾಕಲು ಹೋದರು. ಪೆನ್ನು ಗೊಂಚಲಿನ ಮೇಲೆ ಜಾರಿ ಕೆಳಗೆ ಬಿತ್ತು. ಎತ್ತಿ ಮತ್ತೆ ಹಾಕಿದರು. ಮತ್ತೆ ಬಿತ್ತು. ಮೂರನೇ ಸಲ ಅತಿಥಿಗಳು ಚಾಳೀಸು ಹಾಕಿಕೊಂಡು ಕಿಸೆಯ ಬಾಯಿ ಹುಡುಕಿದರು. ಕೆಳಗೆ ನಿಂತವರೆಲ್ಲ ತಮ್ಮ ತಮ್ಮ ಕಿಸೆ ಮುಟ್ಟಿ ನೋಡಿಕೊಳ್ಳತೊಡಗಿದರು. ಕಾಕಾ ಕುರ್ಚಿಯಲ್ಲೇ ಬೆವರಿ ನೀರಾದರು.

ಸಾವುಕಾರರು ಜಾಣರು. ಅಷ್ಟು ಜನರ ಮುಂದೆ ಪೇಚಿಗೆ ಸಿಕ್ಕಿದೆ ಎಂದು ಒಪ್ಪಿಕೊಳ್ಳುತ್ತಾರೆಯೇ? ಮೈಕು ಎಳೆದುಕೊಂಡು, "ಇದು ನಾನ ಹೇಳಿ ಮಾಡಸಿದ್ದು! ಕಿಸೆ ಇದ್ರ ದ್ರಾಕ್ಷಿ ಕಿಸೇಕ ಹೋಗ್ತಾವು. ಕಿಸೆ ಮುಚ್ಚಿದ್ರ ಚೀಲಕ್ಕ ಹೋಗ್ತಾವು!" ಎಂದರು. ವೇದಿಕೆಯ ಮೇಲಿನವರು ಚಪ್ಪಾಳೆ ತಟ್ಟಿದರು. ಕೆಳಗಿನವರು ತಟ್ಟಲಿಲ್ಲ. ಕಾಕಾನ ಹೆಗಲಿಗೆ ಶಾಲು ಬಿತ್ತು. ಅವರು ಮೈಕಿನ ಮುಂದೆ ನಿಂತು, "ಇದು ನನ್ನ ತಪ್ಪ್ರಿ, ಕಿಸೆ ಬಿಚ್ಚೂದ ಮರತೇನಿ" ಎಂದರು. ಎಂಥ ವಿನಯ, ದೊಡ್ಡವರೇ ಹೀಗೆ ಎಂದು ಮತ್ತೊಂದು ಚಪ್ಪಾಳೆ.

ಇಳಿದು ಬರುವಾಗ ನರೆತ ಮೀಸೆಯ ಹಮಾಲನೊಬ್ಬ ಅವರನ್ನು ತಡೆದು ನಿಲ್ಲಿಸಿದ. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ.

"ಕಾಕಾ, ನಾವ್ ಕಳ್ಳರೇನ್ರಿ? ಎದಿ ಮ್ಯಾಲ ಕೀಲಿ ಹಾಕೀರಲ್ಲ."

ಬಸ್ಸಿನಲ್ಲಿ ಕೃಷ್ಣೆ ದಾಟಿ ಅಂಕಲಿ ಬರುವವರೆಗೂ ಕಾಕಾ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇಡೀ ಊರಿಗೆ ತಮಾಷೆಯಾದದ್ದು ಅವರೊಬ್ಬರಿಗೆ ಆಗಿರಲಿಲ್ಲ. ಮರುದಿನ ಅಂಗಡಿಗೆ ಬಂದಾಗ ಅವರ ಅಂಗಿಯ ಕಿಸೆಯ ಬಾಯಿ ದಪ್ಪ ದಾರದಲ್ಲಿ ಹೊಲಿದಿತ್ತು. ಕೈಯಲ್ಲಿ ಚಾಳೀಸು, ತಂಬಾಕು, ಫೋನು ಎಲ್ಲ ಬೊಗಸೆ ತುಂಬ ಹಿಡಿದಿದ್ದರು.

"ಅವರೆಲ್ಲಾರದೂ ಬಿಚ್ಚೋತನಾ ನಂದೂ ಮುಚ್ಚೇ ಇರ್ತೈತಿ. ಇವನ್ನ ಎಲ್ಲರೆ ಇಡ ತಂಗೆವ್ವಾ."

ಹಾಗೆ ಬಲಗಡೆಯ ಡ್ರಾವರು ಅವರದಾಯಿತು. ಪ್ಯಾಂಟಿನ ಕಿಸೆ ಇಲ್ಲವೇ ಎಂದು ಕೇಳಬೇಡಿ, ಅವರು ಧೋತರ ಉಡುತ್ತಿದ್ದರು. ಚೀಲ ಹಿಡಿಯಿರಿ ಎಂದರೆ, "ಅದು ಪಳವಾಟ, ನುಣಚಿಕೊಳ್ಳೂ ಹಾದಿ ಆಗ್ತೈತಿ" ಎನ್ನುತ್ತಿದ್ದರು. ದಿನಕ್ಕೆ ಎಷ್ಟು ಸಲ ಬಂದು ತಂಬಾಕು ಕೇಳುತ್ತಿದ್ದರೋ! ನಾನು ಬಸದಿಗೆ ನಡೆದುಕೊಳ್ಳುವ ಮನೆಯವಳು. ತಂಬಾಕಿನ ವಾಸನೆಯ ಡ್ರಾವರಿನ ಮೇಲೆಯೇ ಪರ್ಯೂಷಣ ಹಬ್ಬದ ಸೀರೆಗಳಿಗೆ ಫಾಲ್ ಕತ್ತರಿಸಿದ್ದೇನೆ. ಹೊತ್ತು ಮುಳುಗುವ ಮೊದಲೇ ಊಟ ಮಾಡಬೇಕು, ಹಾಗಾಗಿ ನಾನು ಬೇಗ ಅಂಗಡಿ ಮುಚ್ಚುತ್ತೇನೆ. ಕಾಕಾ ಮರೆತ ದಿನ ಅವರ ಫೋನು ಡ್ರಾವರಿನಲ್ಲೇ ಉಳಿಯುತ್ತಿತ್ತು. ಬೆಳಿಗ್ಗೆ ಬಂದು ರಿಂಗಾಗುತ್ತಿದ್ದುದನ್ನು ಎತ್ತಿದರೆ ಅವರ ಹೆಂಡತಿ, ನಾವು ಕಾಕು ಎನ್ನುವವರು, "ಅವರು ಮನ್ಯಾಗ ಅದಾರ, ಫೋನ್ ಎಲ್ಲೈತಿ ಕೇಳಬೇಕಾಗಿತ್ತ" ಎನ್ನುತ್ತಿದ್ದರು.

ಇತ್ತ ಸಾವುಕಾರರ ಕೀರ್ತಿ ಹಬ್ಬಿತು. ನಿಪ್ಪಾಣಿಯಿಂದ, ರಾಯಬಾಗದಿಂದ, ಅಥಣಿಯಿಂದ 'ಅದೇ ಕಿಸೆ' ಬೇಕೆಂದು ಜನ ಬರತೊಡಗಿದರು. ಗೋಡಂಬಿ ಅಂಗಡಿಯವರು ಬಂದರು, ಬೇಕರಿಯವರು ಬಂದರು. ಕಾಕಾ ರೇಗಿ ಬೋರ್ಡಿನ ಕೆಳಗೆ ಕೆಂಪು ಅಕ್ಷರದಲ್ಲಿ ಬರೆಸಿದರು: 'ಇಲ್ಲಿ ಕಿಸೆ ಮುಚ್ಚಿ ಕೊಡುವುದಿಲ್ಲ'. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅಲ್ಲಿಯವರೆಗೆ ಕಿಸೆ ಮುಚ್ಚಬಹುದು ಎಂದು ಕನಸಿನಲ್ಲೂ ಎಣಿಸದವರು ಬೋರ್ಡು ಓದಿ ಒಳಗೆ ಬಂದು, "ಹಂಗಾರ ಎಲ್ಲಿ ಮುಚ್ಚಿ ಕೊಡ್ತಾರ್ರಿ?" ಎಂದು ವಿಳಾಸ ಕೇಳತೊಡಗಿದರು.

ಐತವಾರ ಬಂದರೆ ಕಾಕಾ ನನ್ನಿಂದ ಕಟರ್ ಇಸಿದುಕೊಂಡು ಐನಾಪುರದ ಬಸ್ಸು ಹತ್ತುತ್ತಿದ್ದರು. ಕೋಲ್ಡ್ ಸ್ಟೋರೇಜಿನ ಗೇಟಿನೆದುರು ಚಹಾದಂಗಡಿಯ ಬಾಕಿನ ಮೇಲೆ ಕೂತು, ಬಂದವರಿಗೆಲ್ಲ "ಬರ್ರಿ, ಕಿಸೆ ಬಿಚ್ಚಿ ಕೊಡ್ತೇನಿ" ಎಂದು ಕೈ ಮುಗಿಯುವುದು. ಯಾರೂ ಬರುತ್ತಿರಲಿಲ್ಲ. ಗೊಂಚಲು ಬಿಚ್ಚದೆ ಕಿಸೆ ತೆರೆಯುವುದಿಲ್ಲ, ಗೊಂಚಲಿಲ್ಲದ ಅಂಗಿ ತೊಟ್ಟರೆ ಸಾವುಕಾರರು ಒಳಗೆ ಬಿಡುವುದಿಲ್ಲ. ಪಾಪ, ಅವರ ಪಾಡು ಅವರಿಗೆ. ಒಬ್ಬ ಸುಣ್ಣದ ಡಬ್ಬಿಯನ್ನು ಟೋಪಿಯಲ್ಲಿಟ್ಟುಕೊಂಡಿದ್ದ, ಇನ್ನೊಬ್ಬನ ಫೋನು ತಲೆಯ ಪಟಗದೊಳಗೆ ರಿಂಗಾಗುತ್ತಿತ್ತು. ಒಂದು ಸಲ ಸಾವುಕಾರರೇ ಕಾರಿನಿಂದಿಳಿದು ಬಂದರಂತೆ.

"ಕಾಕಾ, ಮೈಕಿನಾಗ ಹೇಳೇನಿ. ಈಗ ಬಿಚ್ಚಿದ್ರ ನನ್ನ ಮಾತ ಬಿದ್ದಂಗ ಆಗ್ತೈತಿ."

"ನಿಮ್ಮ ಮಾತ ಒಂದ ರೀ ಸಾವಕಾರ್ರ. ಅಲ್ಲಿ ಅಷ್ಟ ಮಂದಿ ಮರ್ಯಾದಿ ಬಿದ್ದೈತಿ."

ಕಾಕಾ ಮಾತು ಮುರಿದು ಬಂದರು. ಆದರೂ ಐತವಾರ ತಪ್ಪಿಸಲಿಲ್ಲ.

ಬಗ್ಗಿಸಿದ್ದು ಕಡೆಗೆ ರಕ್ತದೊತ್ತಡದ ಗುಳಿಗೆ. ಹೇಳಿದ ಮಾತು ಉಳಿಸಿಕೊಳ್ಳಲು ಸಾವುಕಾರರೂ ದಿನಾ ಅದೇ ಅಂಗಿ ತೊಡಬೇಕಿತ್ತಲ್ಲ. ಅವರೂ ಧೋತರದವರು, ಗುಳಿಗೆ ಇಡಲು ಬೇರೆ ಕಿಸೆಯಿಲ್ಲ. ಕಾರಿನಲ್ಲಿಟ್ಟರೆ ಕಾರು ಬೇರೆ ಕಡೆ, ಮೇಜಿನ ಮೇಲಿಟ್ಟರೆ ಒಣದ್ರಾಕ್ಷಿಯ ಜೊತೆ ಬೆರೆತು ಯಾರೋ ಗಿರಾಕಿ ಬಾಯಿಗೆ ಹಾಕಿಕೊಂಡರಂತೆ. ಒಂದು ಮಧ್ಯಾಹ್ನ ಸಾವುಕಾರರು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಚಿಕ್ಕೋಡಿಗೆ ಬಂದರು. ಮುಖ ಮುಚ್ಚಿ ಪ್ರಯೋಜನವೇನು? ಕಾಕಾ ನೋಡಿದ್ದು ಎದೆಯನ್ನು.

"ಬರ್ರಿ ಸಾವಕಾರ್ರ."

"ನಂದೊಂದ ಬಿಚ್ಚಿ ಕೊಡ್ರಿ ಕಾಕಾ. ಯಾರಿಗೂ ಗೊತ್ತಾಗಬಾರದು."

"ಬಡಸಾಂವ ಕಡೀಕ ಉಣ್ಣಬೇಕ್ರಿ. ಮೊದಲ ಅವರದು, ಕಡೀಕ ನಿಮ್ಮದು."

ಗೋಡೆಯ ಈಚೆಯಿಂದ ಕೇಳುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ. ಸಾವುಕಾರರು ಹೋದರು, ನಾಲ್ಕು ದಿನ ಬಿಟ್ಟು ಮತ್ತೆ ಬಂದರು. ತಲೆ ತಿರುಗಿ ಬಿದ್ದಿದ್ದರಂತೆ. ಒಪ್ಪಿದರು.

ಕಾಕಾ ಬೆರಳು ಬಾಯುವಂತೆ ಗೊಂಚಲು ಬಿಚ್ಚಿದರು, ಕಿಸೆ ತೆಗೆದರು, ಹೊಸ ಗೊಂಚಲು ಹಾಕಿ ಮತ್ತೆ ಹಚ್ಚಿದರು. ಬಿಚ್ಚಿದ ಪ್ರತಿ ಕಿಸೆಯೊಳಗಿಂದಲೂ ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಒಂದು ಗುಂಡಿ ಬಿತ್ತು. ಹೊಸ ಅಂಗಿಗೆ ಒಂದು ಹೆಚ್ಚಿನ ಗುಂಡಿ ಹಾಕಿ ಕೊಡುತ್ತಾರಲ್ಲ, ಅದು. ಮೀಸೆಯ ಹಮಾಲ ತನ್ನ ಗುಂಡಿಯನ್ನು ಎತ್ತಿ ಹಿಡಿದು, "ಇಷ್ಟ ನೋಡ್ರಿ ಸಾವಕಾರ್ರ, ನಾವು ಕದ್ದದ್ದು!" ಎಂದನಂತೆ. ಸಾವುಕಾರರೂ ನಕ್ಕರಂತೆ. ಕಡೆಗೆ ಅವರ ಕಿಸೆಯೂ ತೆರೆಯಿತು.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಕಾಕಾನ ಕಿಸೆ ಹೊಲಿದೇ ಇತ್ತು. ಯಾಕೆ ಎಂದೆ.

"ಒಬ್ಬಾಕಿ ಉಳದಾಳ. ದ್ರಾಕ್ಷಿ ಆರಸಾಕಿ. ಕೆಲಸಾ ಬಿಟ್ಟ ಹೋಗ್ಯಾಳಂತ. ಎಡಗಾಲ ಚಪ್ಪಲಿಗೆ ಕೆಂಪ ದಾರ ಕಟ್ಟಿರತಾಳಂತ."

"ಒಂದ ಕಿಸೆಗೆ ಏನಾತ್ರಿ ಕಾಕಾ? ಬಿಡ್ರಿ."

"ಆಕಿ ಎದಿ ಮ್ಯಾಲ ಇನ್ನೂ ಕೀಲಿ ಐತಿ, ತಂಗೆವ್ವಾ."

ಅಂದಿನಿಂದ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರ ಪಾದ ನೋಡುತ್ತ ನಿಲ್ಲತೊಡಗಿದರು. ಎರಡು ಸಲ ಬೈಸಿಕೊಂಡರು. ಒಂದು ಸಲ ಕಂಡಕ್ಟರ್ ಬಂದು, ಏನು ಕಳೆದುಕೊಂಡಿದ್ದೀರಿ ಅಜ್ಜಾ ಎಂದು ತಾನೂ ನೆಲ ಹುಡುಕಿದ. ಆಕೆ ಸಿಗಲಿಲ್ಲ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಾಕಾ ಮಷೀನಿನ ಮುಂದೆ ಕೂತಲ್ಲೇ ಹೋದರು. ಮಷೀನು ನಡೆದೇ ಇತ್ತು. ಯಾವುದೋ ಗ್ಯಾರೇಜಿನ ಅಂಗಿ.

ಕೆಲವು ದಿನ ಕಳೆದ ಮೇಲೆ ನಾನು ಡ್ರಾವರಿನ ವಸ್ತುಗಳನ್ನೆಲ್ಲ ತೆಗೆದುಕೊಂಡು ಅವರ ಮನೆಗೆ ಹೋದೆ. ಕಾಕು ಫೋನು ಮಾತ್ರ ಇಸಿದುಕೊಂಡರು. ಉಳಿದದ್ದನ್ನು ಮುಟ್ಟಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಅವರ ಅಂಗಿ ತೋರಿಸಿದರು. ಕಿಸೆಗೆ ಅದೇ ದಪ್ಪ ದಾರ.

"ಅವರ ಮಾತ ಇನ್ನೂ ತೀರಿಲ್ಲ ಯವ್ವಾ. ಇವನ್ನ ಎಲ್ಲಿಡ್ಲಿ? ನಿನ್ನ ಹಂತೇಕ ಇರ್ಲಿ."

ಮರಳಿ ತಂದು ಡ್ರಾವರಿಗೆ ಹಾಕಿದೆ. ಬಾಗಿಲು ಮುಚ್ಚಿದ ಪಕ್ಕದ ಅಂಗಡಿಯ ಮೌನಕ್ಕೆ ನಾನು ಇನ್ನೂ ಒಗ್ಗಿಲ್ಲ. ದಾರ ಕತ್ತರಿಸುತ್ತ ಕೂತಾಗ ಟಕಟಕ ಕೇಳದೆ ಕೈ ತಾಳ ತಪ್ಪುತ್ತದೆ.

ಮೊನ್ನೆ ಒಬ್ಬಾಕೆ ಫಾಲ್ ಕೇಳಿಕೊಂಡು ಬಂದಳು. ಕಾಕಾನ ಚಟ ನನಗೂ ಅಂಟಿತ್ತು ಎಂದು ಕಾಣುತ್ತದೆ, ನಾನು ಮೊದಲು ನೋಡಿದ್ದು ಪಾದ. ಎಡಗಾಲಿನ ಚಪ್ಪಲಿಗೆ ಕೆಂಪು ದಾರ. ತಲೆಯೆತ್ತಿದರೆ ಸೀರೆಯ ಮೇಲೆ ಮಾಸಿದ ಅಂಗಿ, ಅಂಗಿಯ ಮೇಲೆ ಬಣ್ಣಗೆಡದ ಜಾಂಬಳಿ ಗೊಂಚಲು, ನಾನೇ ಹೇಳಿ ಹಾಕಿಸಿದ ಹಸಿರು ಎಲೆ.

"ಯವ್ವಾ, ಎಲ್ಲಿದ್ದಿ ನೀ? ನಿನ್ನ ಎಷ್ಟ ಹುಡುಕ್ಯಾರ!" ಎಂದುಬಿಟ್ಟೆ.

ಆಕೆ ಗಾಬರಿಯಾಗಿ ಎರಡೂ ಕೈಯಿಂದ ಕಿಸೆ ಮುಚ್ಚಿಕೊಂಡಳು.

"ಬಿಚ್ಚಸಂಗಿಲ್ರಿ! ಆ ಕಾಕಾ ಗೇಟಿಗೆ ಬಂದಾಗೆಲ್ಲಾ ನಾ ಹಿತ್ತಲ ಹಾದಿಲೇ ಹೋಗಿದ್ನಿ. ಇಷ್ಟ ಚಂದಂದು ನನ್ನ ಮೈಮ್ಯಾಲ ಎಂದೂ ಬಂದಿಲ್ರಿ. ಬಿಚ್ಚಿ ಹೊಸಾದ ಹಾಕ್ತೇನಿ ಅಂತಾರ, ಇದ ಹೋದ್ರ ಇಂಥಾದ ಬರತೈತೇನ? ಕೀಲಿ ಅಂದ್ರ ಅನ್ಲಿ. ನನಗೇನ ಕಿಸೇದಾಗ ಇಡೂದೈತಿ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾಕಾ ಬಸ್ ಸ್ಟ್ಯಾಂಡಿನಲ್ಲಿ ಬೈಸಿಕೊಂಡದ್ದು, ಚಾಳೀಸಿಗಾಗಿ ದಿನಾ ನನ್ನ ಬಾಗಿಲಿಗೆ ಬಂದದ್ದು, ಎಲ್ಲ ಈ ಒಂದು ಕಿಸೆಗಾಗಿ. ಇವಳು ನೋಡಿದರೆ ಅದನ್ನೇ ಒಡವೆಯಂತೆ ತೊಟ್ಟುಕೊಂಡು ಅವರಿಂದ ತಪ್ಪಿಸಿಕೊಂಡು ಓಡಾಡಿದ್ದಾಳೆ. ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟು, ಕಾಕಾ ತಮ್ಮ ಕಿಸೆ ಹೊಲಿದುಕೊಂಡದ್ದನ್ನೂ ಹಾಗೇ ಹೋದದ್ದನ್ನೂ ಹೇಳಿದೆ. ಆಕೆ ಗೊಂಚಲಿನ ಮೇಲೆ ಕೈಯಾಡಿಸುತ್ತ ಕೂತಳು. ಕಣ್ಣು ತುಂಬಿ ಬಂದಿದ್ದವು.

"ನನ್ನ ಸಲವಾಗಿ?" ಎಂದಳು. ಆಮೇಲೆ ಕಿಸೆಯ ಮೇಲಿನ ಕೈ ತೆಗೆದಳು. "ಹಂಗಾರ ಮ್ಯಾಲಿನ ಎಲಿ ಅಷ್ಟ ಬಿಚ್ಚ್ರಿ. ಗೊಂಚಲ ಮುಟ್ಟಬ್ಯಾಡ್ರಿ."

ಬಲಗಡೆಯ ಡ್ರಾವರಿನಿಂದ ಕಟರ್ ತೆಗೆದೆ. ಎಲೆಯ ಹಸಿರು ದಾರ ಒಂದೊಂದಾಗಿ ಕಿತ್ತೆ. ಕಿಸೆಯ ಬಾಯಿ ತೆರೆಯಿತು. ಎರಡು ಬೆರಳು ಹೋಗುವಷ್ಟೇ ಜಾಗ, ಕೆಳಗೆ ಗೊಂಚಲು ಇದ್ದಂತೆಯೇ ಇತ್ತು. ಗುಂಡಿಯ ಪೊಟ್ಟಣ ಬಾಯಿಗೇ ಸಿಕ್ಕಿಕೊಂಡಿತ್ತು. ಆಕೆ ಅದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, "ಅವರ ಮನೀಗೆ ಕೊಡ್ರಿ" ಎಂದಳು.

ಅಂದೇ ಅಂಗಡಿ ಮುಚ್ಚಿ, ಬಲಗಡೆಯ ಡ್ರಾವರಿನದೆಲ್ಲ ತೆಗೆದುಕೊಂಡು ಕಾಕುವಿನ ಮನೆಗೆ ಹೋದೆ. ಗುಂಡಿ ಕೊಟ್ಟು, "ಎಲ್ಲಾರದೂ ಬಿಚ್ಚಿ ಆತ್ರಿ ಕಾಕು" ಎಂದೆ. ಅವರು ಗೂಟದ ಮೇಲಿನ ಅಂಗಿ ಇಳಿಸಿಕೊಂಡು, ನನ್ನ ಕೈಯಿಂದ ಕಟರ್ ತೆಗೆದುಕೊಂಡು ಆ ದಪ್ಪ ದಾರವನ್ನು ಕೊಯ್ದರು. ಬೆರಳು ಹಾಕಿ ಕಿಸೆಯ ಬಾಯಿ ಅಗಲಿಸಿದರು. ಆಮೇಲೆ ಕೈ ಚಾಚಿದರು.

"ತಾ ಈಗ, ಅವರ ಚಾಳೀಸ."

ಚಾಳೀಸು ಕಿಸೆಯೊಳಗೆ ಇಳಿಯಿತು. ಅಂಗಿಯನ್ನು ಮತ್ತೆ ಗೂಟಕ್ಕೆ ಹಾಕಿದಾಗ ಆ ಭಾರಕ್ಕೆ ಎಡಗಡೆ ಸ್ವಲ್ಪ ಜಗ್ಗಿ ನಿಂತಿತು, ಅವರು ತೊಟ್ಟಾಗ ಜಗ್ಗುತ್ತಿದ್ದಂತೆ.